ಕರುವಿನ ಬೆಲೆ, ಎತ್ತಿನ ಬೆಲೆ

ಎಳೆಯದನ್ನು ಕೊಟ್ಟು ಪಳಗಿದ್ದನ್ನು ತರುವ ವ್ಯವಹಾರ ಜಾತ್ರೆಯ ಬಯಲಿನಲ್ಲಿಯೂ ಇದೆ, ಕಬಡ್ಡಿಯ ಅಂಗಳದಲ್ಲಿಯೂ ಇದೆ

ಮಾರ್ಗಶೀರ್ಷ ಮಾಸ ಬಂದಿತೆಂದರೆ ಸುತ್ತಣ ಹಳ್ಳಿಗಳ ದಾರಿಗಳೆಲ್ಲ ಜತ್ತ ಪಟ್ಟಣದ ಯಲ್ಲಮ್ಮದೇವಿಯ ಜಾತ್ರೆಯತ್ತ ತಿರುಗುತ್ತವೆ. ದೇವಿಗೆ ನೈವೇದ್ಯ ಸಲ್ಲಿಸಲು ಬರುವವರು ಒಂದು ಕಡೆ, ದನಗಳ ಪೇಟೆಗೆ ಬರುವವರು ಇನ್ನೊಂದು ಕಡೆ. ಬಿಳಿಯ ಮೈ, ಹಿಂದಕ್ಕೆ ಬಾಗಿ ಮೇಲೇರಿದ ಉದ್ದನೆಯ ಕೋಡು, ಬಿಗಿದ ಕಾಲು, ನಿಂತಲ್ಲಿ ನಿಲ್ಲದ ಚುರುಕು. ಇವು ಖಿಲಾರಿ ತಳಿಯ ಲಕ್ಷಣಗಳು. ಹಾಲಿಗಾಗಿ ಹೆಸರಾದ ತಳಿ ಇದಲ್ಲ; ನಡಿಗೆಯ ವೇಗಕ್ಕಾಗಿ, ನೇಗಿಲು ಮತ್ತು ಬಂಡಿಯ ದುಡಿಮೆಗಾಗಿ ಹೆಸರಾದದ್ದು. ಸಾಂಗ್ಲಿ, ಸೊಲ್ಲಾಪುರ, ಸಾತಾರಾ ಜಿಲ್ಲೆಗಳಿಂದ ಹಿಡಿದು ಕರ್ನಾಟಕದ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳವರೆಗೆ ಈ ತಳಿಯ ನಾಡು ಹರಡಿದೆ. ರಾಜ್ಯದ ಗಡಿ ಅದನ್ನು ಎರಡು ಮಾಡಿಲ್ಲ. ಪೇಟೆಯಲ್ಲಿ ಒಬ್ಬನು ಮರಾಠಿಯಲ್ಲಿ ಬೆಲೆ ಕೇಳುತ್ತಾನೆ, ಇನ್ನೊಬ್ಬನು ಕನ್ನಡದಲ್ಲಿ ಉತ್ತರಿಸುತ್ತಾನೆ, ವ್ಯವಹಾರ ಸಾಗುತ್ತದೆ.

ಈ ಪೇಟೆಯಲ್ಲಿ ಎಲ್ಲ ವ್ಯವಹಾರವೂ ರೊಕ್ಕದಿಂದಲೇ ಮುಗಿಯುವುದಿಲ್ಲ. ಎರಡು ಎಳೆಯ ಹೋರಿಗಳನ್ನು ಹೊಡೆದುಕೊಂಡು ಬಂದ ರೈತನು, ಅವುಗಳ ಮೇಲೆ ಒಂದಿಷ್ಟು ರೊಕ್ಕ ಹಾಕಿ, ದುಡಿಮೆಯಲ್ಲಿ ಪಳಗಿದ ಒಂದು ಜೋಡಿ ಎತ್ತನ್ನು ಕಟ್ಟಿಕೊಂಡು ಊರಿಗೆ ಮರಳುವುದುಂಟು. ಅವನು ಕೊಟ್ಟದ್ದು ಮುಂದಿನ ವರ್ಷಗಳನ್ನು. ಪಡೆದದ್ದು ಈ ಹಂಗಾಮಿನ ದುಡಿಮೆಯನ್ನು. ಇದು ಲಾಭವೋ ನಷ್ಟವೋ ಎಂಬ ಪ್ರಶ್ನೆ ಒಕ್ಕಲುತನದಷ್ಟೇ ಹಳೆಯದು. ಇಂದು ಅದೇ ಪ್ರಶ್ನೆ ಕೋಟಿಗಟ್ಟಲೆ ರೂಪಾಯಿಗಳ ಕ್ರೀಡಾ ಲೀಗುಗಳಲ್ಲಿಯೂ ಕೇಳಿಬರುತ್ತಿದೆ. ಅಲ್ಲಿ ಅದಲುಬದಲಾಗುವುದು ಹೋರಿಗಳಲ್ಲ, ಹಳ್ಳಿಗಳಿಂದ ಬಂದ ಹುಡುಗರು.

ಹಲ್ಲಿನ ಲೆಕ್ಕ

ದನದ ಪೇಟೆಯಲ್ಲಿ ಮೊದಲು ನೋಡುವುದು ಬಾಯಿಯನ್ನು. ಹಾಲುಹಲ್ಲಿನ ಕರು, ಎರಡು ಹಲ್ಲಿನ ಹೋರಿ, ನಾಲ್ಕು ಹಲ್ಲು, ಆರು ಹಲ್ಲು, ಕೊನೆಗೆ ಎಂಟೂ ಹಲ್ಲು ಬಂದು ಬಾಯಿ ಕೂಡಿದ ಎತ್ತು. ಸುಮಾರು ಎರಡರಿಂದ ಎರಡೂವರೆ ವರ್ಷಕ್ಕೆ ಮೊದಲ ಜೋಡಿ ಹಲ್ಲು ಬೀಳುತ್ತದೆ ಮತ್ತು ಹೊಸದು ಬರುತ್ತದೆ. ಐದನೆಯ ವರ್ಷದ ಹೊತ್ತಿಗೆ ಬಾಯಿ ಪೂರ್ಣವಾಗುತ್ತದೆ. ಬಳಿಕ ದಲಾಲಿಯು ಟವೆಲ್ಲಿನ ಮರೆಯಲ್ಲಿ ಕೊಳ್ಳುವವನ ಕೈಬೆರಳುಗಳನ್ನು ಹಿಡಿದು ಬೆಲೆ ಹೇಳುತ್ತಾನೆ. ಸುತ್ತ ನಿಂತವರಿಗೆ ಮುಖಗಳು ಮಾತ್ರ ಕಾಣುತ್ತವೆ, ಅಂಕಿ ತಿಳಿಯುವುದಿಲ್ಲ.

ಹಾಲುಹಲ್ಲಿನ ಕರುವಿನ ಬೆಲೆ ಕಡಿಮೆ. ಅದು ಯಾವ ನೊಗಕ್ಕೂ ಹೆಗಲು ಕೊಟ್ಟಿಲ್ಲ. ಅದು ನಡೆಯುವುದೋ ಮಲಗುವುದೋ, ಹಾಯುವುದೋ ಒದೆಯುವುದೋ ಯಾರೂ ಹೇಳಲಾರರು. ಅದು ದುಡಿಮೆಗೆ ಬರಬೇಕಾದರೆ ಎರಡು ಮೂರು ವರ್ಷ ಮೇವು, ನೀರು, ಆರೈಕೆ ಬೇಕು. ಆ ಅವಧಿಯಲ್ಲಿ ರೋಗ ಬರಬಹುದು, ಕಾಲು ಊನವಾಗಬಹುದು. ಹೀಗಾಗಿ ಕರುವನ್ನು ಕೊಳ್ಳುವವನು ಕೊಳ್ಳುವುದು ಪ್ರಾಣಿಯನ್ನಷ್ಟೇ ಅಲ್ಲ, ಒಂದು ಅನಿಶ್ಚಯವನ್ನೂ. ಬೆಲೆ ಕಡಿಮೆಯಿರುವುದು ಆ ಅನಿಶ್ಚಯದ ಕಾರಣದಿಂದ.

ಬಾಯಿ ಕೂಡಿದ ಎತ್ತಿನ ವಿಷಯ ಬೇರೆ. ಅದರ ಗಳೆ ಊರಿಗೆಲ್ಲ ಗೊತ್ತು. ಎಷ್ಟು ಎಕರೆ ಹೊಡೆದಿದೆ, ಭಾರದ ಬಂಡಿಯನ್ನು ದಿಣ್ಣೆಗೆ ಹೇಗೆ ಎಳೆದಿದೆ ಎಂಬುದಕ್ಕೆ ಸಾಕ್ಷಿಗಳಿದ್ದಾರೆ. ಆದುದರಿಂದ ಬೆಲೆ ಹೆಚ್ಚು. ಆದರೆ ಇಲ್ಲಿಯೇ ಒಂದು ತೊಡಕಿದೆ. ಎಂಟು ಹಲ್ಲು ಬರುವವರೆಗೆ ಎತ್ತಿನ ವಯಸ್ಸನ್ನು ಎಣಿಸಿ ಹೇಳಬಹುದು. ಬಾಯಿ ಕೂಡಿದ ಮೇಲೆ ಎಣಿಸಲು ಹೊಸ ಹಲ್ಲಿಲ್ಲ; ಸವೆತವನ್ನು ನೋಡಿ ಊಹಿಸಬೇಕು, ಇಲ್ಲವೆ ಮಾರುವವನ ಮಾತನ್ನು ನಂಬಬೇಕು. ಎತ್ತಿನ ಗುಣ ಚೆನ್ನಾಗಿ ತಿಳಿಯುವ ಹೊತ್ತಿಗೆ, ಅದರಲ್ಲಿ ಇನ್ನೆಷ್ಟು ವರ್ಷದ ದುಡಿಮೆ ಉಳಿದಿದೆ ಎಂಬುದು ತಿಳಿಯದಂತಾಗುತ್ತದೆ. ಕಳೆದ ದಿನಗಳಿಗೆ ಪುರಾವೆ ಇದೆ, ಬರುವ ದಿನಗಳಿಗೆ ಇಲ್ಲ. ಕೊಳ್ಳುವವನು ಹಣ ಕೊಡುವುದು ಕಳೆದದ್ದನ್ನು ನೋಡಿ. ಅವನಿಗೆ ಬೇಕಾಗಿರುವುದು ಮಾತ್ರ ಬರುವುದು.

ಮತ್ತೊಂದು ಮಾತನ್ನು ಮರೆಯಬಾರದು. ಬೀಜ ಒಡೆಸಿದ ಎತ್ತಿಗೆ ಸಂತತಿಯಿಲ್ಲ. ಅದರ ಬೆಲೆಯೆಲ್ಲ ಅದರ ಹೆಗಲಿನಲ್ಲಿದೆ. ಹೆಗಲು ಸೋತ ದಿನ ಬೆಲೆಯೂ ಮುಗಿಯಿತು. ಇದೇ ತಾಲೂಕಿನ ಮಾಡಗ್ಯಾಳದ ಹೆಸರು ಹೊತ್ತ ಕುರಿ ತಳಿಯಲ್ಲಿ ಲೆಕ್ಕ ಬೇರೆ. 2020ರ ಡಿಸೆಂಬರಿನಲ್ಲಿ ಆಟಪಾಡಿ ತಾಲೂಕಿನ 'ಸರ್ಜಾ' ಎಂಬ ಮಾಡಗ್ಯಾಳ ಟಗರಿಗೆ 70 ಲಕ್ಷ ರೂಪಾಯಿ ಕೊಡಲು ಒಬ್ಬರು ಮುಂದೆ ಬಂದರು. ಒಡೆಯನು ಒಪ್ಪಲಿಲ್ಲ. ಆ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತು. ಕೇಳಿದವರಿಗೆ ಹುಚ್ಚುತನವೆಂದು ತೋರಿದರೂ ಒಡೆಯನ ಲೆಕ್ಕ ಸರಳವಾಗಿತ್ತು: ಟಗರಿನ ಬೆಲೆ ಟಗರಿನಲ್ಲಿಲ್ಲ, ಅದರಿಂದ ಹುಟ್ಟುವ ಮರಿಗಳಲ್ಲಿದೆ. ಪಳಗಿದ್ದನ್ನು ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಇದು ತನ್ನ ಹಿಂದೆ ಏನನ್ನಾದರೂ ಬಿಟ್ಟುಹೋಗುವುದೇ, ಇಲ್ಲವೇ?

ಬರದ ವರ್ಷದ ಅದಲುಬದಲು

ಹಾಗಾದರೆ ಎಳೆಯದನ್ನು ಕೊಟ್ಟು ಪಳಗಿದ್ದನ್ನು ತರುವ ರೈತನು ದಡ್ಡನೇ? ಅಲ್ಲ. ಜತ್ತ ತಾಲೂಕು ಮಳೆ ನೆರಳಿನ ನಾಡು. ಇಲ್ಲಿಯ ಒಕ್ಕಲುತನ ಬಹುಮಟ್ಟಿಗೆ ಹಿಂಗಾರಿ ಜೋಳದ ಮೇಲೆ ನಿಂತಿದ್ದು. ಬಿತ್ತನೆಯ ಹದ ಕೆಲವೇ ದಿನ ಇರುತ್ತದೆ. ಆ ದಿನಗಳಲ್ಲಿ ಗಳೆ ಇಲ್ಲದವನಿಗೆ, ಎರಡು ವರ್ಷದ ಬಳಿಕ ಬರಲಿರುವ ಒಳ್ಳೆಯ ಜೋಡಿಯಿಂದ ಪ್ರಯೋಜನವಿಲ್ಲ. ಬಿತ್ತಲೇಬೇಕಾದವನು ಬಿತ್ತಬಲ್ಲ ಎತ್ತನ್ನೇ ಕೊಳ್ಳಬೇಕು. ಅದು ಸರಿಯಾದ ವ್ಯವಹಾರ.

ತಪ್ಪುವುದು ಬೇರೆ ಎರಡು ಸಂದರ್ಭಗಳಲ್ಲಿ. ಮೊದಲನೆಯದು ಬರದ ವರ್ಷ. ಮೇವು ಇಲ್ಲದಾಗ ಎಲ್ಲರೂ ಒಮ್ಮೆಲೇ ಕರುಗಳನ್ನು ಪೇಟೆಗೆ ತರುತ್ತಾರೆ, ಬೆಲೆ ಕುಸಿಯುತ್ತದೆ. ಮೇವುಳ್ಳ ನೀರಾವರಿಯ ಊರಿನವನು ಅವನ್ನು ಅಗ್ಗಕ್ಕೆ ಕೊಂಡು, ಎರಡು ವರ್ಷ ಬೆಳೆಸಿ, ಮಳೆಯಾದ ವರ್ಷ ಅದೇ ಹಳ್ಳಿಯವರಿಗೆ ಹೆಚ್ಚಿನ ಬೆಲೆಗೆ ಮಾರುತ್ತಾನೆ. ಕರು ಹುಟ್ಟಿದ್ದು ಬರದ ನಾಡಿನಲ್ಲಿ, ಲಾಭ ಹುಟ್ಟಿದ್ದು ನೀರಿನ ನಾಡಿನಲ್ಲಿ. ಇಲ್ಲಿ ಸೋತದ್ದು ರೈತನ ಬುದ್ಧಿಯಲ್ಲ, ಕಾಯುವ ಶಕ್ತಿ.

ಎರಡನೆಯದು ಹೆಮ್ಮೆಗಾಗಿ ಮಾಡುವ ವ್ಯವಹಾರ. ಎತ್ತಿನ ಗಾಡಿಯ ಶರ್ಯತ್ತು ಇದಕ್ಕೆ ನಿದರ್ಶನ. ಸರ್ವೋಚ್ಚ ನ್ಯಾಯಾಲಯವು 2014ರ ಮೇ 7ರಂದು ನೀಡಿದ ತೀರ್ಪಿನಿಂದ ಈ ಓಟಗಳು ನಿಂತವು. 2017ರಲ್ಲಿ ಮಹಾರಾಷ್ಟ್ರವು ಕಾನೂನನ್ನು ತಿದ್ದಿತು. 2021ರ ಡಿಸೆಂಬರಿನಲ್ಲಿ ನ್ಯಾಯಾಲಯವು ನಿಬಂಧನೆಗಳೊಡನೆ ಅನುಮತಿ ಕೊಟ್ಟಿತು. 2023ರ ಮೇ 18ರಂದು ಸಂವಿಧಾನ ಪೀಠವು ರಾಜ್ಯದ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಓಟ ಮರಳಿದೊಡನೆ ಓಡುವ ಖಿಲಾರಿಗೆ ಬೇಡಿಕೆಯೂ ಮರಳಿತು. ಶರ್ಯತ್ತು ಗೆದ್ದು ಹೆಸರಾದ ಹೋರಿಗೆ ಲಕ್ಷಗಟ್ಟಲೆ ಕೊಟ್ಟು ತಂದವರು, ಮುಂದಿನ ಹಂಗಾಮಿನಲ್ಲಿ ಅದು ಹಿಂದೆ ಬಿದ್ದಾಗ ದೂರುವುದು ಹೋರಿಯನ್ನು. ಹೋರಿ ಸುಳ್ಳು ಹೇಳಿರಲಿಲ್ಲ. ಅದು ನಿನ್ನೆ ಗೆದ್ದಿತ್ತು, ನಿನ್ನೆಯ ಗೆಲುವಿಗೆ ಇಂದು ಹಣ ಕೊಡಲಾಗಿತ್ತು.

ಬೆಂಗಳೂರು ಬಿಟ್ಟುಕೊಟ್ಟ ಹುಡುಗ

ಈ ಲೆಕ್ಕ ಮನುಷ್ಯರ ಆಟಕ್ಕೆ ಬಂದಾಗ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಉಮದಿ, ಸಂಖ, ಬಿಳೂರ ಕಡೆಯ ಶಾಲೆಯ ಮಕ್ಕಳಿಗೆ ಕಬಡ್ಡಿಯ ಹೆಸರಾಂತ ಆಟಗಾರರು ಚಿರಪರಿಚಿತರು. ಪ್ರೊ ಕಬಡ್ಡಿ ಲೀಗು 2014ರ ಜುಲೈನಲ್ಲಿ ಆರಂಭವಾಯಿತು. ಅದರಲ್ಲಿ ಹೆಸರಾದವರನ್ನು ಹರಾಜಿನಲ್ಲಿ ಕೊಳ್ಳಬೇಕು. ಹರೆಯದ ಹೊಸಬರನ್ನು 'ಹೊಸ ಯುವ ಆಟಗಾರರು' ಎಂಬ ಪ್ರತ್ಯೇಕ ವರ್ಗದಲ್ಲಿ ಕಡಿಮೆ ವೆಚ್ಚಕ್ಕೆ ಸೇರಿಸಿಕೊಳ್ಳಬಹುದು. ಕರುವಿನ ಪೇಟೆ, ಎತ್ತಿನ ಪೇಟೆ ಎಂಬ ಭೇದ ಅಲ್ಲಿಯೂ ಇದೆ.

2015ರಲ್ಲಿ ಬೆಂಗಳೂರು ಬುಲ್ಸ್ ತಂಡದಲ್ಲಿ ಹರಿಯಾಣದ 18 ವರ್ಷದ ಹುಡುಗನೊಬ್ಬನಿದ್ದನು. ಹೆಸರು ಪರ್ದೀಪ್ ನರ್ವಾಲ್. ಆ ವರ್ಷ ತಂಡವು ಅಂತಿಮ ಪಂದ್ಯದವರೆಗೆ ಹೋಗಿ ಮುಂಬೈಗೆ ಸೋತಿತು. ಹುಡುಗನಿಗೆ ಆಡಲು ಸಿಕ್ಕ ಪಂದ್ಯಗಳು ಕೆಲವೇ, ಗಳಿಸಿದ ಅಂಕಗಳೂ ಕೆಲವೇ. ಮರುವರ್ಷ ಅವನು ಪಾಟ್ನಾ ಪೈರೇಟ್ಸ್ ತಂಡದಲ್ಲಿದ್ದನು. ಎದುರಾಳಿಗಳ ತೋಳಿನ ಕೆಳಗೆ ಮುಳುಗಿ ಪಾರಾಗುವ 'ಡುಬ್ಕಿ' ಎಂಬ ವರಸೆ ಅವನ ಹೆಸರಿಗೆ ಅಂಟಿಕೊಂಡಿತು. ಪಾಟ್ನಾ ತಂಡವು ಸತತ ಮೂರು ಬಾರಿ ಪ್ರಶಸ್ತಿ ಗೆದ್ದಿತು. 2017ರ ಒಂದೇ ಆವೃತ್ತಿಯಲ್ಲಿ ನರ್ವಾಲ್ 369 ರೇಡ್ ಅಂಕಗಳನ್ನು ಗಳಿಸಿದರು.

ಕರು ಈಗ ಎತ್ತಾಗಿತ್ತು, ಬೆಲೆಯೂ ಏರಿತ್ತು. 2021ರ ಹರಾಜಿನಲ್ಲಿ ಯುಪಿ ಯೋಧಾ ತಂಡವು ಅವರಿಗೆ 1 ಕೋಟಿ 65 ಲಕ್ಷ ರೂಪಾಯಿ ಕೊಟ್ಟಿತು. ಆವರೆಗೆ ಲೀಗಿನಲ್ಲಿ ಯಾರಿಗೂ ಅಷ್ಟು ಬೆಲೆ ಬಂದಿರಲಿಲ್ಲ. 2024ರಲ್ಲಿ ಬೆಂಗಳೂರು ತಂಡವೇ 70 ಲಕ್ಷ ರೂಪಾಯಿ ಕೊಟ್ಟು ಅವರನ್ನು ಮನೆಗೆ ಕರೆತಂದಿತು. ಅಭಿಮಾನಿಗಳು ಸಂಭ್ರಮಿಸಿದರು. ಆ ಆವೃತ್ತಿ ಮುಗಿದಾಗ ಬೆಂಗಳೂರು ಪಟ್ಟಿಯ ಕೊನೆಯ ಸ್ಥಾನದಲ್ಲಿತ್ತು. ಮರುವರ್ಷದ ಹರಾಜಿನಲ್ಲಿ ನರ್ವಾಲರನ್ನು ಯಾವ ತಂಡವೂ ಕೊಳ್ಳಲಿಲ್ಲ. 2025ರಲ್ಲಿ ಅವರು ನಿವೃತ್ತಿ ಘೋಷಿಸಿದರು. 1800ಕ್ಕೂ ಹೆಚ್ಚು ರೇಡ್ ಅಂಕ ಗಳಿಸಿದ ಆಟಗಾರ ಆಗ ಇನ್ನೂ ಮೂವತ್ತನ್ನು ಮುಟ್ಟಿರಲಿಲ್ಲ.

ಇದರಲ್ಲಿ ಯಾರನ್ನು ದೂರುವುದು? 'ಬೆಳೆಯುವ ಸಿರಿ ಮೊಳಕೆಯಲ್ಲಿ' ಎಂದು ಗಾದೆ ಹೇಳುತ್ತದೆ. ಆದರೆ 2015ರಲ್ಲಿ ಆ ಮೊಳಕೆಯಲ್ಲಿ ಕಾಣುತ್ತಿದ್ದುದು ಅಲ್ಪ. ಬೆಂಗಳೂರು ತಂಡವು ಒಂದು ಬಾರಿ ಎಳೆಯದರ ಬೆಲೆಯನ್ನು ಕಡಿಮೆ ಎಣಿಸಿತು, ಇನ್ನೊಂದು ಬಾರಿ ಪಳಗಿದ್ದರ ಬೆಲೆಯನ್ನು ಹೆಚ್ಚು ಎಣಿಸಿತು. ಎರಡೂ ತಪ್ಪುಗಳಿಗೆ ಮೂಲ ಒಂದೇ: ಕಣ್ಣಿಗೆ ಕಂಡ ಅಂಕಗಳನ್ನು ಮುಂದಿನ ಅಂಕಗಳೆಂದು ತಿಳಿದದ್ದು.

ಬೆಲೆ ತೆತ್ತ ಮಾತ್ರಕ್ಕೆ ಫಲ ಕೈಗೆ ಬರುವುದಿಲ್ಲ ಎಂಬುದಕ್ಕೆ ಪವನ್ ಸೆಹ್ರಾವತರ ಕಥೆಯೂ ಸಾಕ್ಷಿ. 2019ರ ಜನವರಿ 5ರಂದು ಬೆಂಗಳೂರು ಬುಲ್ಸ್ ಮೊದಲ ಬಾರಿಗೆ ಪ್ರಶಸ್ತಿ ಗೆದ್ದಾಗ ಅಂತಿಮ ಪಂದ್ಯದಲ್ಲಿ 22 ಅಂಕ ಗಳಿಸಿ ಗೆಲ್ಲಿಸಿದವರು ಅವರು. 2022ರಲ್ಲಿ ತಮಿಳ್ ತಲೈವಾಸ್ ತಂಡವು 2 ಕೋಟಿ 26 ಲಕ್ಷ ರೂಪಾಯಿ ಕೊಟ್ಟು ಅವರನ್ನು ಕೊಂಡಿತು. ಮೊದಲ ಪಂದ್ಯದಲ್ಲಿಯೇ ಅವರಿಗೆ ಮೊಣಕಾಲಿನ ಪೆಟ್ಟಾಯಿತು. ಇಡೀ ಆವೃತ್ತಿ ಕೈತಪ್ಪಿತು. 2023ರಲ್ಲಿ ತೆಲುಗು ಟೈಟನ್ಸ್ 2 ಕೋಟಿ 60 ಲಕ್ಷಕ್ಕೂ ಹೆಚ್ಚು ಕೊಟ್ಟು ಅವರನ್ನು ಪಡೆಯಿತು. ಅವರು ಅಂಕ ಗಳಿಸುತ್ತಲೇ ಹೋದರು, ತಂಡ ಕೊನೆಯ ಸ್ಥಾನಕ್ಕೆ ಹೋಯಿತು. ಒಂದೇ ಬಲವಾದ ಎತ್ತನ್ನು ನೊಗಕ್ಕೆ ಕಟ್ಟಿ, ಇನ್ನೊಂದು ಕಡೆ ಎಳೆಯಲಾರದ್ದನ್ನು ಕಟ್ಟಿದರೆ ಬಂಡಿ ವಾಲುತ್ತದೆ.

ಡೆಟ್ರಾಯಿಟ್ ನಗರದ ವ್ಯವಹಾರ

ಈ ಬಗೆಯ ಅದಲುಬದಲು ಅತ್ಯಂತ ಹಳೆಯದಾಗಿ, ಅತ್ಯಂತ ಬಹಿರಂಗವಾಗಿ ನಡೆಯುವುದು ಅಮೆರಿಕದ ಬೇಸ್‌ಬಾಲ್ ಆಟದಲ್ಲಿ. ಅಲ್ಲಿ ತಂಡಗಳು ಕಿರಿಯ ಲೀಗುಗಳಲ್ಲಿ ಹುಡುಗರನ್ನು ವರ್ಷಗಟ್ಟಲೆ ಬೆಳೆಸುತ್ತವೆ. ಪ್ರಶಸ್ತಿಯ ಆಸೆ ಮೂಡಿದ ವರ್ಷ, ಆ ಹುಡುಗರಲ್ಲಿ ಕೆಲವರನ್ನು ಬೇರೆ ತಂಡಕ್ಕೆ ಕೊಟ್ಟು, ಅದರ ಬದಲಿಗೆ ಹೆಸರಾಂತ ಹಿರಿಯನೊಬ್ಬನನ್ನು ಪಡೆಯುತ್ತವೆ.

1987ರ ಆಗಸ್ಟಿನಲ್ಲಿ ಡೆಟ್ರಾಯಿಟ್ ಟೈಗರ್ಸ್ ತಂಡಕ್ಕೆ ಚೆಂಡು ಎಸೆಯುವ ಒಬ್ಬ ಅನುಭವಿಯ ಅಗತ್ಯವಿತ್ತು. ಅಟ್ಲಾಂಟಾ ತಂಡದಲ್ಲಿ 36 ವರ್ಷದ ಡಾಯ್ಲ್ ಅಲೆಕ್ಸಾಂಡರ್ ಇದ್ದರು. ಅವರಿಗೆ ಬದಲಾಗಿ ಡೆಟ್ರಾಯಿಟ್ ಕೊಟ್ಟದ್ದು ಜಾನ್ ಸ್ಮೋಲ್ಟ್ಸ್ ಎಂಬ 20 ವರ್ಷದ ಹುಡುಗನನ್ನು. ಅವನು ಡೆಟ್ರಾಯಿಟ್ ಇರುವ ಮಿಷಿಗನ್ ರಾಜ್ಯದವನೇ. ಅಂದರೆ ತನ್ನ ಮನೆಯ ಕರು. ಅಲೆಕ್ಸಾಂಡರ್ ಬಂದ ಮೇಲೆ ಒಂಬತ್ತು ಪಂದ್ಯ ಗೆದ್ದರು, ಒಂದನ್ನೂ ಸೋಲಲಿಲ್ಲ. ಡೆಟ್ರಾಯಿಟ್ ತನ್ನ ವಿಭಾಗದ ಅಗ್ರಸ್ಥಾನವನ್ನು ಕೊನೆಯ ದಿನದ ಪಂದ್ಯದಲ್ಲಿ ಗಳಿಸಿತು. ಅವರಿಲ್ಲದೆ ಅದು ಸಾಧ್ಯವಾಗುತ್ತಿರಲಿಲ್ಲ. ಬಳಿಕದ ಸುತ್ತಿನಲ್ಲಿ ಮಿನೆಸೋಟಾ ಎದುರು ತಂಡ ಸೋತಿತು. ಎರಡು ವರ್ಷಗಳಲ್ಲಿ ಅಲೆಕ್ಸಾಂಡರ್ ಆಟದಿಂದ ನಿವೃತ್ತರಾದರು. ಸ್ಮೋಲ್ಟ್ಸ್ 2008ರವರೆಗೆ ಅಟ್ಲಾಂಟಾಕ್ಕಾಗಿ ಆಡಿದರು. 1995ರಲ್ಲಿ ಆ ತಂಡ ದೇಶದ ಪರಮೋಚ್ಚ ಪ್ರಶಸ್ತಿ ಗೆದ್ದಾಗ ಅವರು ಅದರಲ್ಲಿದ್ದರು. 2015ರಲ್ಲಿ ಆ ಆಟದ ಕೀರ್ತಿಮಂದಿರಕ್ಕೆ ಆಯ್ಕೆಯಾದರು.

ಅಮೆರಿಕದಲ್ಲಿ ಇಂದಿಗೂ ಈ ವ್ಯವಹಾರವನ್ನು ನಗುವಿನೊಡನೆ ನೆನೆಯುವವರಿದ್ದಾರೆ. ಆದರೆ ನ್ಯಾಯವಾಗಿ ನೋಡಿದರೆ ಡೆಟ್ರಾಯಿಟ್ ಮೋಸಹೋಗಲಿಲ್ಲ. ಅದು ಒಂದು ಹಂಗಾಮಿನ ಬಿತ್ತನೆಗೆ ಎತ್ತು ತಂದಿತು, ಎತ್ತು ಬಿತ್ತಿಕೊಟ್ಟಿತು. ಅದಕ್ಕಾಗಿ ತೆತ್ತ ಬೆಲೆ ಇಪ್ಪತ್ತು ವರ್ಷದ ಬೆಳೆ ಎಂಬುದು ಆ ದಿನ ಯಾರಿಗೂ ತಿಳಿದಿರಲಿಲ್ಲ. ಪಳಗಿದ್ದನ್ನು ತಂದದ್ದರ ಫಲ ಕೂಡಲೇ ಕಾಣುತ್ತದೆ. ಎಳೆಯದನ್ನು ಕೊಟ್ಟದ್ದರ ನಷ್ಟ ಬಹಳ ತಡವಾಗಿ ಕಾಣುತ್ತದೆ. ಲೆಕ್ಕ ತಪ್ಪುವುದು ಈ ಅಂತರದಲ್ಲಿ.

ಕೊಡದೆ ಇಟ್ಟುಕೊಂಡವರ ಉದಾಹರಣೆಯೂ ಉಂಟು. 2008ರಲ್ಲಿ ಐಪಿಎಲ್ ಆರಂಭವಾದಾಗ, ಹತ್ತೊಂಬತ್ತು ವರ್ಷದೊಳಗಿನ ವಿಶ್ವಕಪ್ ಗೆದ್ದ ಭಾರತದ ಹುಡುಗರನ್ನು ತಂಡಗಳಿಗೆ ಹಂಚಲಾಯಿತು. ದೆಹಲಿ ತಂಡವು ತನ್ನೂರಿನ ನಾಯಕನನ್ನು ಬಿಟ್ಟು ವೇಗದ ಬೌಲರ್ ಪ್ರದೀಪ್ ಸಾಂಗ್ವಾನರನ್ನು ಆಯ್ದುಕೊಂಡಿತು. ಆ ನಾಯಕನನ್ನು ಬೆಂಗಳೂರು ತಂಡವು ತೆಗೆದುಕೊಂಡಿತು. ಅವರೇ ವಿರಾಟ್ ಕೊಹ್ಲಿ. ಹದಿನೆಂಟು ಆವೃತ್ತಿಗಳವರೆಗೆ ತಂಡ ಅವರನ್ನು ಬಿಡಲಿಲ್ಲ, ಅವರೂ ತಂಡವನ್ನು ಬಿಡಲಿಲ್ಲ. 2025ರ ಜೂನ್ 3ರಂದು ಬೆಂಗಳೂರು ಮೊದಲ ಬಾರಿಗೆ ಪ್ರಶಸ್ತಿ ಎತ್ತಿತು. ಕಾಯುವುದಕ್ಕೂ ಬೆಲೆಯಿದೆ, ಅದು ಕೆಲವೊಮ್ಮೆ ಹದಿನೆಂಟು ವರ್ಷ.

ಆದರೆ ಇದನ್ನೇ ನಿಯಮವೆಂದು ತಿಳಿಯಬಾರದು. ಅದೇ ಐಪಿಎಲ್‌ನಲ್ಲಿ 2018ರಲ್ಲಿ ಚೆನ್ನೈ ತಂಡವು ಮೂವತ್ತು ದಾಟಿದವರನ್ನೇ ಹೆಚ್ಚಾಗಿ ಕೂಡಿಸಿದಾಗ ಜನ ಅದನ್ನು ಮುದುಕರ ಪಡೆ ಎಂದು ನಕ್ಕಿದ್ದರು. ಅಂತಿಮ ಪಂದ್ಯದಲ್ಲಿ 36 ವರ್ಷದ ಶೇನ್ ವಾಟ್ಸನ್ 57 ಎಸೆತಗಳಲ್ಲಿ ಔಟಾಗದೆ 117 ಓಟ ಗಳಿಸಿ ಪ್ರಶಸ್ತಿ ಗೆಲ್ಲಿಸಿಕೊಟ್ಟರು. ಬಾಯಿ ಕೂಡಿದ ಎತ್ತುಗಳೆಲ್ಲ ಸೋತವುಗಳಲ್ಲ.

ಹಳೆಯ ಎತ್ತಿನ ಪಕ್ಕದಲ್ಲಿ ಹೊಸ ಹೋರಿ

ಹಾಗಾದರೆ ಸರಿಯಾದ ಮಾರ್ಗ ಯಾವುದು? ಅದನ್ನು ಈ ನಾಡಿನ ಒಕ್ಕಲುಮಕ್ಕಳು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಹೊಸ ಹೋರಿಯನ್ನು ಪಳಗಿಸುವಾಗ ಅದನ್ನು ಇನ್ನೊಂದು ಹೊಸ ಹೋರಿಯ ಜೊತೆ ಕಟ್ಟುವುದಿಲ್ಲ. ನೊಗದ ಒಂದು ಕಡೆ ಅನುಭವಿ ಎತ್ತು, ಇನ್ನೊಂದು ಕಡೆ ಹೊಸ ಹೋರಿ. ಹೋರಿ ಎಳೆದಾಡುತ್ತದೆ, ನಿಲ್ಲುತ್ತದೆ, ಓಡಲೆಳಸುತ್ತದೆ. ಎತ್ತು ತನ್ನ ನಡಿಗೆಯನ್ನು ಬದಲಿಸುವುದಿಲ್ಲ. ಕೆಲವು ದಿನಗಳಲ್ಲಿ ಹೋರಿ ಸಾಲು ಹಿಡಿಯುತ್ತದೆ. ತಿರುವಿನಲ್ಲಿ ಹೇಗೆ ಹೊರಳಬೇಕು, ಒಕ್ಕಲಿಗನ ದನಿಗೆ ಹೇಗೆ ಓಗೊಡಬೇಕು ಎಂಬುದನ್ನು ಅದಕ್ಕೆ ಕಲಿಸುವುದು ಬಾರುಕೋಲಲ್ಲ, ಪಕ್ಕದ ಎತ್ತು.

ಬೀಜ ಒಡೆಸಿದ ಎತ್ತಿಗೆ ಸಂತತಿಯಿಲ್ಲ ಎಂಬ ಮಾತು ಮೇಲೆ ಬಂದಿತ್ತು. ಹೊಸ ಹೋರಿಯ ಜೊತೆ ದುಡಿದ ಎತ್ತಿಗೆ ಮಾತ್ರ ಒಂದು ಬಗೆಯ ಸಂತತಿಯುಂಟು. ತನ್ನ ನಡಿಗೆಯನ್ನು ಅದು ಬಿಟ್ಟುಹೋಗುತ್ತದೆ. ಎಳೆಯವನ್ನೆಲ್ಲ ಕೊಟ್ಟು ಎತ್ತನ್ನು ತಂದವನಿಗೆ ಈ ಲಾಭ ಸಿಗದು. ಕಲಿಸುವವನು ಬಂದನು, ಕಲಿಯುವವರು ಮನೆಯಲ್ಲಿಲ್ಲ.

ಕಬಡ್ಡಿಯಲ್ಲಿ ಈ ರೀತಿಯನ್ನು ಅನುಸರಿಸಿದ ತಂಡವೊಂದಿದೆ. ಅದು ಮಹಾರಾಷ್ಟ್ರದ್ದೇ ಆದ ಪುಣೇರಿ ಪಲ್ಟನ್. ಆಗ ಅದರ ತರಬೇತುದಾರರು ಕರ್ನಾಟಕದ ಬಿ. ಸಿ. ರಮೇಶ್. ತಂಡದ ಬಹುಪಾಲು ಆಟಗಾರರು ಎಳೆಯರು. ನಾಯಕ ಅಸ್ಲಂ ಇನಾಮದಾರ್ ಅಹಿಲ್ಯಾನಗರ ಜಿಲ್ಲೆಯವರು, ಹೆಸರಿಲ್ಲದವರಾಗಿ ಬಂದು ಆ ತಂಡದಲ್ಲಿಯೇ ಬೆಳೆದವರು. ಈ ಎಳೆಯರನ್ನು ತಂಡ ಕೈಬಿಡಲಿಲ್ಲ. ಹಾಗೆಂದು ಕೈ ಬಿಗಿಹಿಡಿಯಲೂ ಇಲ್ಲ. 2023ರ ಹರಾಜಿನಲ್ಲಿ ಇರಾನಿನ ಹೆಸರಾಂತ ರಕ್ಷಣಾ ಆಟಗಾರ ಮೊಹಮ್ಮದ್‌ರೆಜಾ ಶಾದ್ಲೂಯಿ ಅವರಿಗೆ 2 ಕೋಟಿ 35 ಲಕ್ಷ ರೂಪಾಯಿ ಕೊಟ್ಟಿತು. ಸಾಬೀತಾದ ಬಲವನ್ನು ಎಳೆಯರ ಬದಲಿಗಲ್ಲ, ಎಳೆಯರ ಪಕ್ಕದಲ್ಲಿ ಕಟ್ಟಿತು. 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಹರಿಯಾಣ ಸ್ಟೀಲರ್ಸ್ ತಂಡವನ್ನು 28–25ರಿಂದ ಸೋಲಿಸಿ ಪಲ್ಟನ್ ಮೊದಲ ಬಾರಿಗೆ ಪ್ರಶಸ್ತಿ ಗೆದ್ದಿತು. ಮರಾಠಿ ನಾಡಿನ ತಂಡ, ಕನ್ನಡಿಗ ಗುರು. ಗಡಿಯ ಈ ಕಡೆ ಕನ್ನಡದಲ್ಲಿ ಓದುವ ಮಕ್ಕಳಿಗೆ ಇದು ಪರಕೀಯವಾದ ಜೋಡಿಯಲ್ಲ.

ಮನೆಯ ಮಕ್ಕಳ ಮಾತು

ಇಷ್ಟರವರೆಗೆ ಕರು ಮತ್ತು ಹುಡುಗನನ್ನು ಒಂದೇ ತಕ್ಕಡಿಯಲ್ಲಿ ತೂಗಲಾಯಿತು. ವ್ಯವಹಾರದ ದೃಷ್ಟಿಯಿಂದ ಅದು ಸಾಧ್ಯ. ಮನೆಯವರ ದೃಷ್ಟಿಯಿಂದ ಅದು ಸಾಧ್ಯವಿಲ್ಲ. ಕರುವನ್ನು ಕೊಟ್ಟವನು ನಷ್ಟವಾದರೆ ಇನ್ನೊಂದು ಕರುವನ್ನು ಸಾಕಬಹುದು. ಹುಡುಗನ ಹದಿನೈದರಿಂದ ಇಪ್ಪತ್ತರವರೆಗಿನ ವರ್ಷಗಳು ಒಮ್ಮೆ ಕಳೆದರೆ ಮರಳುವುದಿಲ್ಲ.

ತಾಲೂಕಿನ ಕನ್ನಡ ಶಾಲೆಗಳ ಅಂಗಳದಲ್ಲಿ ಚೆನ್ನಾಗಿ ಆಡುವ ಮಕ್ಕಳಿದ್ದಾರೆ. ಅಂಥ ಮಗುವಿನ ಮನೆಗೆ ಒಂದು ದಿನ ಯಾರಾದರೂ ಬಂದು, 'ನಿಮ್ಮ ಹುಡುಗನನ್ನು ನಮ್ಮ ಕಡೆ ಕಳುಹಿಸಿರಿ, ದೊಡ್ಡ ಆಟಗಾರನನ್ನಾಗಿ ಮಾಡುತ್ತೇವೆ' ಎಂದು ಹೇಳಬಹುದು. ಅದು ಒಳ್ಳೆಯ ಅವಕಾಶವೂ ಆಗಿರಬಹುದು. ಬೇಡವೆನ್ನುವುದೇ ಜಾಣತನವಲ್ಲ. ಆದರೆ ದನದ ಪೇಟೆಯಲ್ಲಿ ಬಾಯಿ ತೆರೆಸಿ ಹಲ್ಲು ನೋಡದೆ ಹಗ್ಗ ಹಿಡಿಯದ ತಂದೆ, ಮಗನ ವಿಷಯದಲ್ಲಿ ಪ್ರಶ್ನೆ ಕೇಳದೆ ಸಹಿ ಹಾಕಬಾರದು.

ಕೇಳಬೇಕಾದ ಪ್ರಶ್ನೆಗಳು ಕಠಿಣವಾದವುಗಳಲ್ಲ. ಕರಾರು ಎಷ್ಟು ವರ್ಷದ್ದು? ಆ ಅವಧಿಯಲ್ಲಿ ಹುಡುಗನನ್ನು ಬೇರೆ ತಂಡಕ್ಕೆ ಕೊಡಬಹುದೇ, ಕೊಡುವಾಗ ಅವನನ್ನು ಕೇಳುವರೇ? ಪೆಟ್ಟಾದರೆ ಚಿಕಿತ್ಸೆಯ ವೆಚ್ಚ ಯಾರದು? ಹತ್ತನೆಯ, ಹನ್ನೆರಡನೆಯ ಇಯತ್ತೆಯ ಪರೀಕ್ಷೆಗೆ ಅವನು ಕೂಡುವ ವ್ಯವಸ್ಥೆ ಇದೆಯೇ? ಕಾಗದವು ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಇದ್ದರೆ, ಶಾಲೆಯ ಗುರುಗಳಿಂದ ಅದನ್ನು ಕನ್ನಡದಲ್ಲಿ ಓದಿಸಿ, ಅರ್ಥ ತಿಳಿದುಕೊಂಡು, ಎರಡು ದಿನ ಮನೆಯಲ್ಲಿಟ್ಟುಕೊಂಡು ಆಮೇಲೆ ಉತ್ತರ ಹೇಳಬೇಕು. ಅವಸರ ಮಾಡುವವನು ಸಾಮಾನ್ಯವಾಗಿ ತನ್ನ ಲಾಭಕ್ಕಾಗಿ ಅವಸರ ಮಾಡುತ್ತಾನೆ. ಇದು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಮುಗಿಸುವ ವ್ಯವಹಾರವಲ್ಲ. ಹತ್ತು ಜನರ ಮುಂದೆ ಕಾಗದ ಬಿಚ್ಚಿ ಓದಬೇಕಾದದ್ದು.

ಓದನ್ನು ಬಿಡಿಸಿ ಆಟಕ್ಕೆ ಕಳುಹಿಸುವ ಮನೆಯು ಎರಡು ಕೋಟಿಯ ಆಟಗಾರನಿಗೂ ಮೊದಲ ಪಂದ್ಯದಲ್ಲಿ ಮೊಣಕಾಲು ತಪ್ಪಿದ್ದನ್ನು ನೆನೆಯಬೇಕು. 369 ಅಂಕಗಳ ದಾಖಲೆಯವನನ್ನೂ ಎಂಟು ವರ್ಷಗಳ ಬಳಿಕ ಹರಾಜಿನಲ್ಲಿ ಯಾರೂ ಕೇಳಲಿಲ್ಲ. ಹೆಸರಾದವರಿಗೆ ಗಳಿಸಿದ ಹಣವಾದರೂ ಉಳಿದಿರುತ್ತದೆ. ಹೆಸರಾಗುವ ಮೊದಲೇ ಪೆಟ್ಟು ತಿಂದು ಮರಳುವ ಹುಡುಗನಿಗೆ ಕೈಯಲ್ಲಿ ಉಳಿಯುವುದು ಅವನು ಓದಿದ್ದು ಮಾತ್ರ. ಬೆಳಗಿನ ಅಭ್ಯಾಸ ಅಂಗಳದಲ್ಲಿ, ಹಗಲಿನ ಅಭ್ಯಾಸ ಶಾಲೆಯಲ್ಲಿ ನಡೆಯಲಿ. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯುವ ಅಗತ್ಯ ಈ ವಯಸ್ಸಿನಲ್ಲಿ ಇಲ್ಲ.

ಊರಿನ ಹಿರಿಯ ಆಟಗಾರರ ಹೊಣೆಯೂ ಇಲ್ಲಿದೆ. ಹಿಂದೆ ತಾಲೂಕಿಗೆ, ಜಿಲ್ಲೆಗೆ ಆಡಿ, ಈಗ ಹೊಲದಲ್ಲಿಯೋ ನೌಕರಿಯಲ್ಲಿಯೋ ಇರುವವರು ಹಲವು ಹಳ್ಳಿಗಳಲ್ಲಿದ್ದಾರೆ. ಅವರಿಗೆ ಯಾವ ಹರಾಜಿನಲ್ಲಿಯೂ ಬೆಲೆ ಬಾರದು. ಆದರೆ ಸಂಜೆಯ ಹೊತ್ತು ಒಂದು ತಾಸು ಶಾಲೆಯ ಅಂಗಳಕ್ಕೆ ಬಂದು, ಎಳೆಯರ ಜೊತೆ ನಿಂತು, ಕಾಲನ್ನು ಎಲ್ಲಿ ಇಡಬೇಕು, ಉಸಿರನ್ನು ಹೇಗೆ ಹಿಡಿಯಬೇಕು ಎಂದು ತೋರಿಸಿದರೆ, ಪೆಟ್ಟಾಗದೆ ಬೀಳುವುದನ್ನು ಕಲಿಸಿದರೆ, ಕೋಟಿ ಕೊಟ್ಟು ತರುವ ಹಿರಿಯನು ಮಾಡುವ ಕೆಲಸವನ್ನೇ ಅವರು ಮಾಡಿದಂತಾಗುತ್ತದೆ.

ಜಾತ್ರೆಯ ಪೇಟೆ ಮುಗಿಯುವ ದಿನ, ಕೊಂಡವರು ಮತ್ತು ಮಾರಿದವರು ಬೇರೆ ಬೇರೆ ದಾರಿ ಹಿಡಿಯುತ್ತಾರೆ. ಬಲ್ಲ ರೈತನು ಎರಡು ಹೋರಿಗಳಲ್ಲಿ ಒಂದನ್ನು ಮಾರಿ, ಇನ್ನೊಂದನ್ನು ಇಟ್ಟುಕೊಂಡು, ಬಂದ ರೊಕ್ಕಕ್ಕೆ ಇನ್ನಷ್ಟು ಕೂಡಿಸಿ ಒಂದು ಹಳೆಯ ಎತ್ತನ್ನು ಹೊಡೆದುಕೊಂಡು ಹೊರಡುತ್ತಾನೆ. ಮರುದಿನ ಬೆಳಿಗ್ಗೆ ಎರಡನ್ನೂ ಒಂದೇ ನೊಗಕ್ಕೆ ಕಟ್ಟುತ್ತಾನೆ. ಈ ವರ್ಷದ ಗಳೆ ಎತ್ತಿನ ಹೆಗಲಿನ ಮೇಲೆ ಸಾಗುತ್ತದೆ, ಮುಂದಿನ ವರ್ಷಗಳ ಗಳೆ ಅದರ ಪಕ್ಕದಲ್ಲಿ ಕಲಿಯುತ್ತಿರುತ್ತದೆ.